ಮೊಳೆಯಿಂದ ಬೀರುವಿಗೆ

ಫ್ಯಾಷನ್ ಬ್ಲಾಗ್ ಬರೆಯುವ ಇಂಚರಾಳ ಕೋಣೆಯಲ್ಲಿ ಇಳಕಲ್ ಸೀರೆಯೊಂದು ಬೀರುವಿನೊಳಗಿತ್ತು. ಅವಳ ಹಳೆಯ ಹೂವಿನ ನೈಟಿ ಬಾಗಿಲ ಹಿಂದಿನ ಮೊಳೆಗೆ ನೇತಾಡುತ್ತಿತ್ತು.

ಬೀರುವಿನ ಬಾಗಿಲು ತೆರೆದಿದ್ದ ಒಂದು ಬೆಳಿಗ್ಗೆ ಸೀರೆ ಹೇಳಿತು, "ದಾವಣಗೆರೆಯ ಸೀರೆ ಮೇಳದಲ್ಲಿ ನನ್ನ ಫೋಟೋ ತೆಗೆಯಲು ಜನ ಮುಗಿಬಿದ್ದರು. 'ನನ್ನ ದಿನನಿತ್ಯದ ಉಡುಗೆ' ಎಂದು ಇಂಚರಾ ಬ್ಲಾಗಿನಲ್ಲಿ ಆ ಫೋಟೋದ ಕೆಳಗೆ ಬರೆದಿದ್ದಾಳೆ."

"ಅದನ್ನು ಬರೆಯುವಾಗ ಅವಳ ಮೈಮೇಲಿದ್ದದ್ದು ನಾನು," ಎಂದಿತು ನೈಟಿ. "ಸಾರಿಗೆ ಒಗ್ಗರಣೆ ಹಾಕುವಾಗಲೂ ನಾನೇ. ಆದರೂ ಒಂದು ಫೋಟೋದಲ್ಲೂ ನಾನಿಲ್ಲ. ನನಗೂ ಒಂದು ಕಾಲ ಬರುತ್ತದೆ, ನೋಡುತ್ತಿರು."

ಆ ಕಾಲ ಅದೇ ವಾರ ಬಂತು. ಇಂಚರಾ ಹೊಸ ಜುಮಕಿ ತೋರಿಸುವ ಆತುರದಲ್ಲಿ ನೈಟಿಯಲ್ಲೇ ವಿಡಿಯೋ ಮಾಡಿ ಹಾಕಿಬಿಟ್ಟಳು. ನೋಡಿದವರು ಜುಮಕಿಯ ಮಾತೇ ಎತ್ತಲಿಲ್ಲ. ಈ ಹೂವಿನ ಬಟ್ಟೆ ಎಲ್ಲಿ ಸಿಗುತ್ತದೆ ಎಂದು ಎಲ್ಲರೂ ಕೇಳಿದರು.

"ಇಷ್ಟು ಹೆಸರಾದ ಬಟ್ಟೆಯನ್ನು ಮನೆಯಲ್ಲಿ ಹಾಕಿಕೊಂಡು ಹಾಳುಮಾಡಬಾರದು," ಎಂದು ಇಂಚರಾ ನೈಟಿಯನ್ನು ಒಗೆದು, ಇಸ್ತ್ರಿ ಮಾಡಿ, ಬೀರುವಿನಲ್ಲಿ ಸೀರೆಯ ಪಕ್ಕ ತೂಗುಹಾಕಿದಳು. ಖಾಲಿಯಾದ ಮೊಳೆಗೆ ಅವಳ ಅಕ್ಕ ಕೊಟ್ಟ ಇನ್ನೊಂದು ನೈಟಿ ಬಂತು.

ವಾರಗಳು ಕಳೆದವು. ಬಾಗಿಲ ಸಂದಿಯಿಂದ ಒಗ್ಗರಣೆಯ ಘಮ ಬಂದಾಗ ನೈಟಿಗೆ ತಡೆಯಲಾಗಲಿಲ್ಲ.

"ಸೀರೆಯಮ್ಮ, ನನ್ನನ್ನು ಮತ್ತೆ ಯಾವಾಗ ಹಾಕಿಕೊಳ್ಳುತ್ತಾಳೆ?"

"ಮತ್ತೆಯೇ?" ಎಂದಿತು ಸೀರೆ. "ಜನ ನೋಡಿಬಿಟ್ಟರಲ್ಲ." ಹಾಗೆಂದು ತನ್ನ ಹ್ಯಾಂಗರಿನಲ್ಲಿ ಸ್ವಲ್ಪ ಸರಿದು ಅದಕ್ಕೆ ಜಾಗ ಮಾಡಿಕೊಟ್ಟಿತು.