ನೋವಾಗದ ಪಟ್ಟಿ

"ಉಸ್ತಾದ್ರೇ, ಯುದ್ಧದಲ್ಲಿ ಗಾಯ ಆದೋರ ರಕ್ತ ನಿಲ್ಸೋ ವಿದ್ಯೆನ ಈಗ ನಮ್ಮಂಥೋರಿಗೂ ಎರಡೇ ದಿನದಲ್ಲಿ ಕಲಿಸ್ತಾರಂತೆ. ಕಲಿಸೋನು ಅಸಲಿಯೋ ನಕಲಿಯೋ ತಿಳಿಯೋದು ಹೆಂಗೆ?" ಅಂತ ಗರಡಿ ಶಿಷ್ಯ ಕಾಳಿಂಗ ಕೇಳಿದ.

ಉಸ್ತಾದ್ ಬೋರಣ್ಣನಿಗೆ ಸಿಟ್ಟು ನೆತ್ತಿಗೇರ್ತು. ಕುಸ್ತಿ ಆಡೋ ಮಟ್ಟಿಯಿಂದ ಒಂದು ಹಿಡಿ ಕೆಮ್ಮಣ್ಣು ತಗೊಂಡು ಎದೆಗೆ ಬಳ್ಕೊಂಡ.

"ಈ ಮಣ್ಣಾಣೆ, ನಡೆದಿದ್ದೇ ಹೇಳ್ತೀನಿ. ಒಂದಕ್ಷರ ಸುಳ್ಳಿದ್ರೆ ಈ ತೋಳು ಬಿದ್ದೋಗ್ಲಿ. ಮೂರು ಜಿಲ್ಲೆ ಪೈಲ್ವಾನ್ರಿಗೆ ಮಣ್ಣು ಮುಕ್ಕಿಸಿದ ತೋಳು ಕಣೋ ಇದು! ನಿನ್ನನ್ನ ಮೊದಲ ದಿನವೇ ಎತ್ತಿ ಒಗೆದಿದ್ದೆ, ಮೂರು ದಿನ ಸೊಂಟ ಹಿಡ್ಕೊಂಡು ಓಡಾಡಿದೆ. ಅದು ಕಲಿಸೋದು! ಕೇಳು."

ಒಬ್ಬ ಮೇಸ್ತ್ರಿ ಇದ್ದ. ಮರ ಕೊಯ್ಯೋ ಮಿಲ್ಲಲ್ಲಿ ಹನ್ನೆರಡು ಆಳು ಅವನ ಕೈಕೆಳಗೆ. ಗರಗಸಕ್ಕೆ ಯಾವತ್ತು ಯಾರ ಕೈಕಾಲು ಸಿಗುತ್ತೋ ಅಂತ ಅವನಿಗೆ ದಿಗಿಲು. ಅದಕ್ಕೇ ಪೇಟೆಗೆ ಹೋಗಿ, ಫೀಸು ಕಟ್ಟಿ, ಆ ತರಬೇತಿಗೆ ಸೇರ್ಕೊಂಡ.

ಕಲಿಸೋನಿಗೆ ಮಿಲಿಟ್ರಿ ಬಣ್ಣದ ಅಂಗಿ, ದಪ್ಪ ಬೂಟು, ಬಾಯಿ ತುಂಬ ಗುಂಡಿನ ಕತೆ. ಮೇಸ್ತ್ರಿ ಬೂಟು ನೋಡಿದ, ನಂಬಿಬಿಟ್ಟ. ನಿನಗೆ ಯಾರು ಕಲಿಸಿದ್ರು, ಎಲ್ಲಿ ಕೆಲಸ ಮಾಡಿದೆ ಅಂತ ಒಂದು ಮಾತು ಕೇಳ್ಲಿಲ್ಲ. ಎಮ್ಮೆ ಕೊಳ್ಳೋವಾಗ ಬಾಯಿ ಬಿಡಿಸಿ ಹಲ್ಲು ಎಣಿಸೋ ಮನುಷ್ಯ!

ಗಾಯದ ಮೇಲ್ಗಡೆ ಪಟ್ಟಿ ಸುತ್ತಬೇಕು, ಅದಕ್ಕೆ ಸಿಗಿಸಿದ ಕಡ್ಡಿ ತಿರುಗಿಸಿ ಬಿಗಿಬೇಕು. ಅಷ್ಟೇ ಪಾಠ. ಒಬ್ಬರಿಗೊಬ್ಬರು ಕಟ್ಟಿದ್ರು, ನಗ್ತಾ ನಗ್ತಾ ಬಿಚ್ಚಿದ್ರು. ಹಿಂದೆ ಕೂತಿದ್ದ ಒಬ್ಬ ಮುದುಕಿ ಎದ್ಲು. ಮೂವತ್ತು ವರ್ಷ ನರ್ಸಾಗಿದ್ದೋಳು.

"ಏನಪ್ಪಾ, ಕಟ್ಟಿದ್ರೂ ಯಾರಿಗೂ ನೋವೇ ಆಗ್ಲಿಲ್ಲ. ಪಾದದಲ್ಲಿ ನಾಡಿ ಇನ್ನೂ ಹೊಡ್ಕೋತಾನೇ ಇದೆ. ಇದಕ್ಕೆ ರಕ್ತ ನಿಲ್ಲುತ್ತಾ?"

"ಅಜ್ಜಮ್ಮಾ, ಬಾಣಂತಿಗೆ ಸೊಂಟ ಕಟ್ಟೋ ಕೆಲಸ ಅಲ್ಲ ಇದು, ಯುದ್ಧವಿದ್ಯೆ!" ಅಂದ ಬೂಟಿನೋನು.

ಎಲ್ಲ ನಕ್ರು. ಎಲ್ಲರಿಗಿಂತ ಜೋರಾಗಿ ನಕ್ಕಿದ್ದು ಮೇಸ್ತ್ರಿ. ಎರಡನೇ ದಿನ ಸಂಜೆ ಎಲ್ಲರಿಗೂ ಸರ್ಟಿಫಿಕೇಟು. ಒಬ್ಬನೂ ಫೇಲಿಲ್ಲ. ಅವನು ಅದನ್ನ ಫ್ರೇಮು ಹಾಕ್ಸಿ ಮಿಲ್ಲಿನ ಗೋಡೆಗೆ ನೇತುಹಾಕ್ದ.

ಎರಡು ತಿಂಗಳಿಗೆ ಗರಗಸದ ಬ್ಲೇಡು ತುಂಡಾಗಿ ಸಿಡಿದು ಒಬ್ಬ ಆಳಿನ ತೊಡೆ ಸೀಳ್ತು. ಮೇಸ್ತ್ರಿ ಓಡಿಬಂದು ಪಟ್ಟಿ ಸುತ್ತಿದ, ಕಡ್ಡಿ ತಿರುಗಿಸಿದ. ರಕ್ತ ಇನ್ನೇನು ನಿಲ್ಲಬೇಕು, ಆಳು, "ಅಯ್ಯೋ ಸತ್ತೆ, ಸಡಿಲ ಮಾಡಿ ಮೇಸ್ತ್ರೀ!" ಅಂತ ಕಿರುಚ್ಕೊಂಡ. ಕಲಿಯೋವಾಗ ಯಾರೂ ಕಿರುಚಿರಲಿಲ್ಲ. ಎಲ್ಲೋ ತಪ್ಪು ಕಟ್ಟಿದೆ ಅಂತ ಮೇಸ್ತ್ರಿ ಹೆದರಿದ. ಕಡ್ಡಿನ ಎರಡು ಸುತ್ತು ಬಿಟ್ಟ. ಆಸ್ಪತ್ರೆ ಬಾಗಿಲು ಮುಟ್ಟೋದ್ರೊಳಗೆ ಆಳು ತಣ್ಣಗಾಗಿದ್ದ.

"ಛೆ, ಪಾಪ, ಆ ಮೇಸ್ತ್ರಿ ಮೋಸ ಹೋದ" ಅಂದ ಕಾಳಿಂಗ.

ಉಸ್ತಾದ್ ಎದೆ ಮೇಲಿನ ಮಣ್ಣು ಕೊಡವಿ ಎದ್ದ.

"ಹೋಗಿದ್ದು ಆಳಿನ ಜೀವ ಕಣೋ, ಮೇಸ್ತ್ರಿಗೆ ಹೋಗಿದ್ದು ಬರೀ ಫೀಸಿನ ಆರು ಸಾವಿರದ ಎಂಟುನೂರ ಐವತ್ತು ರೂಪಾಯಿ."