ಹನ್ನೆರಡನೆಯ ಬೆಟ್ಟದ ನಗಾರಿ

ಗಾಳಿಯನ್ನು ಆ ದಯಾಮಯ ಭಗವಂತ ಯಾರ ಹೆಸರಿಗೂ ಬರೆದುಕೊಟ್ಟಿಲ್ಲ. ವಿರೂಪಣ್ಣನಿಗೆ ಮಾತ್ರ ಇದು ತಿಳಿದಿರಲಿಲ್ಲ.

ಗಡಿಯಿಂದ ಅರಮನೆಯವರೆಗೆ ಹನ್ನೆರಡು ಬೆಟ್ಟ, ಬೆಟ್ಟಕ್ಕೊಂದು ನಗಾರಿ. ಒಂದರ ಪೆಟ್ಟು ಕೇಳಿ ಇನ್ನೊಂದು ಬಾರಿಸಿದರೆ ಗಡಿಯ ಸುದ್ದಿ ಗಳಿಗೆಯಲ್ಲಿ ಅರಮನೆಗೆ. ಅಷ್ಟೂ ನಗಾರಿ ವಿರೂಪಣ್ಣನವು. "ನಾನಿಲ್ಲದಿದ್ದರೆ ಈ ರಾಜ್ಯಕ್ಕೆ ಕಿವಿಯೇ ಇಲ್ಲ" ಎಂದು ಆಸ್ಥಾನದಲ್ಲೇ ಮೀಸೆ ತಿರುವುತ್ತಿದ್ದ.

ಗಂಗವ್ವ ಎಂಬ ವಿಧವೆ ಬಡವರ ಸುದ್ದಿಯನ್ನು ಅರ್ಧ ಕೂಲಿಗೆ ಕಳಿಸಲು ಮುಂದೆ ಬಂದಳು. ಅವಳೂ ಅದೇ ನಗಾರಿಗಳನ್ನು ಬಾಡಿಗೆಗೆ ಬಳಸಲಿ ಎಂದು ರಾಜ ಅಪ್ಪಣೆ ಕೊಟ್ಟ. ಹುಣ್ಣಿಮೆಯೊಳಗೆ ಅವಳ ಒಂದು ಸುದ್ದಿಯಾದರೂ ಅರಮನೆ ಮುಟ್ಟದಿದ್ದರೆ ಪರವಾನಗಿ ರದ್ದು.

ಹುಣ್ಣಿಮೆಯ ಹಿಂದಿನ ದಿನ ಗಂಗವ್ವ ಆಸ್ಥಾನಕ್ಕೆ ಬಂದು ರಾಜನಿಗೆ ಕೈಮುಗಿದಳು. "ಬುದ್ಧೀ, ನನ್ನ ಸುದ್ದಿ ಹನ್ನೊಂದನೇ ಬೆಟ್ಟದಲ್ಲೇ ಸಾಯ್ತದೆ. ಕೊನೇ ನಗಾರಿ ಮುಟ್ಟಬೇಡ ಅಂತಾರೆ."

"ಆ ಬೆಟ್ಟದಲ್ಲೇ ನನ್ನ ಮನೆ, ಅದು ನನ್ನ ಹಿತ್ತಲಲ್ಲಿದೆ ಪ್ರಭು," ಎಂದ ವಿರೂಪಣ್ಣ. "ಹನ್ನೆರಡರಲ್ಲಿ ಹನ್ನೊಂದು ಬಿಟ್ಟುಕೊಟ್ಟೆ. ಇನ್ನೊಂದಕ್ಕೂ ಆಸೆಪಟ್ಟರೆ ಹೇಗೆ?"

ರಾಜನಿಗೆ ಅದೂ ಸರಿಯೆನಿಸಿತು. ಮಂತ್ರಿ ಸಿಂಗಾರ್ಯ ಮಾತ್ರ, "ನಾಳೆ ಎಲ್ಲರೂ ಹನ್ನೊಂದನೇ ಬೆಟ್ಟಕ್ಕೇ ಹೋಗಿ ನೋಡಿಬಿಡೋಣ" ಎಂದ.

ಬೆಟ್ಟ ಹತ್ತುವಷ್ಟರಲ್ಲಿ ನಡುಮಧ್ಯಾಹ್ನ. ರಾಜನಿಗೆ ಪಲ್ಲಕ್ಕಿಯಿತ್ತು, ವಿರೂಪಣ್ಣನಿಗೆ ಕಾಲಷ್ಟೇ. ನಾಲಿಗೆ ಒಣಗಿ ಅಲ್ಲಿದ್ದ ಬಾವಿಗೆ ಓಡಿದ. ಸಿಂಗಾರ್ಯ ಹಗ್ಗ ಕಟ್ಟಿದ ಕೊಡವೊಂದನ್ನು ಕೊಟ್ಟ. ಇಳಿಬಿಟ್ಟರೆ ಕೊಡ ನೀರಿಗಿಂತ ಒಂದು ಮಾರು ಮೇಲೆ ನೇತಾಡಿತು.

"ಸ್ವಾಮೀ, ಹಗ್ಗ ಸಾಲದು. ನಿಮ್ಮ ಸೊಂಟಕ್ಕೆ ಸುತ್ತಿರೋ ತುಂಡೂ ಕೊಡಿ."

"ಅದು ನನ್ನ ಸೊಂಟದಲ್ಲಿದೆಯಲ್ಲ ಯಜಮಾನರೇ. ಹನ್ನೆರಡು ಮಾರಲ್ಲಿ ಹನ್ನೊಂದು ಬಿಟ್ಟುಕೊಟ್ಟೆ. ಇನ್ನೊಂದಕ್ಕೂ ಆಸೆಪಟ್ಟರೆ ಹೇಗೆ?"

"ಹನ್ನೊಂದು ಮಾರು ತಗೊಂಡು ನೆಕ್ಕಲೇನ್ರೀ? ನೀರು ಮುಟ್ಟದ ಹಗ್ಗ ಇದ್ದರೆಷ್ಟು, ಬಿಟ್ಟರೆಷ್ಟು?"

ರಾಜ ಪಲ್ಲಕ್ಕಿಯಿಂದ ತಲೆ ಹೊರಹಾಕಿದ.

"ಕೇಳಿದಿರಾ ಪ್ರಭು," ಎಂದ ಸಿಂಗಾರ್ಯ. "ತೀರ್ಪು ಅವರೇ ಕೊಟ್ಟುಬಿಟ್ಟರು. ನಗಾರಿ ಬಾರಿಸಿ ಸಾರಿಸೋಣ ಅಂದರೆ, ಅವರ ಹಿತ್ತಲು ದಾಟುತ್ತದೋ ಇಲ್ಲವೋ."

ರಾಜ ಹೊಟ್ಟೆ ಹಿಡಿದು ನಕ್ಕ. "ವಿರೂಪಣ್ಣ, ನಿನ್ನ ಹಿತ್ತಲಿನವನಿಗೆ ನೀನೇ ಬಾರಿಸಿ ಹೇಳು. ಇನ್ನು ಗಂಗವ್ವನ ಸುದ್ದಿಯೂ ದಾಟಲಿ."

ವಿರೂಪಣ್ಣ ಬೆವರು ಸುರಿಸುತ್ತ ಬಾರಿಸಿದ. ಸಿಂಗಾರ್ಯ ಸೊಂಟದ ಹಗ್ಗ ಬಿಚ್ಚುವ ಮೊದಲೇ ಗಂಗವ್ವ ಕೋಲೆತ್ತಿದಳು. ದೇವರು ದೊಡ್ಡವನು, ಗಾಳಿಯೂ ಅರಮನೆಯ ಕಡೆಗೇ ಬೀಸುತ್ತಿತ್ತು. ಅವಳ ಮೊದಲ ಸುದ್ದಿ ಹಿತ್ತಲು ದಾಟಿ ಅರಮನೆ ಮುಟ್ಟಿತು:

"ನಗಾರಿ ಯಜಮಾನರಿಗೆ ಬಾಯಾರಿದೆ. ನೀರು ಕಳಿಸಿ."