ಕುಂಕುಮ ಹಚ್ಚಿದ ಡಿಸ್ಕು

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ನನಗೆ ಮೊದಲು ಅಕ್ಷರ ಕಲಿಸಿದ ಮೇಷ್ಟ್ರು ತೀರಿಕೊಂಡರು. ಅವರ ಪಟಕ್ಕೆ ಬೆಳ್ಳಿಯ ಚೌಕಟ್ಟು ಹಾಕಿಸಿದ್ದೇನೆ. ದಿನವೂ ಹೂವಿಟ್ಟು ಕೈಮುಗಿಯುತ್ತೇನೆ. ಆದರೂ ಮನಸ್ಸಿಗೆ ಸಮಾಧಾನವಿಲ್ಲ. ಇನ್ನೇನು ಮಾಡಲಿ?"

ಗುರುಗಳು ಹೇಳಿದರು:

ಒಬ್ಬ ಮುದ್ರಕನಿದ್ದ. ಕಣ್ಣು ಕಾಣದ ಮಕ್ಕಳು ಬೆರಳಿನಿಂದ ಮುಟ್ಟಿ ಓದುವ ಬ್ರೈಲ್ ಪುಸ್ತಕಗಳನ್ನು ಅಚ್ಚು ಹಾಕುತ್ತಿದ್ದ. ಅವನ ಕಂಪ್ಯೂಟರು ಬಹಳ ಹಳೆಯದು. ಅವನಿಗೆ ಕೆಲಸ ಕಲಿಸಿದ ಹಿರಿಯರು ಸಾಯುವ ಮುಂಚೆ ಅದನ್ನು ಅವನ ಕೈಗೆ ಒಪ್ಪಿಸಿದ್ದರು. ಆ ಕಂಪ್ಯೂಟರು ತಾನಾಗಿ ಏಳುತ್ತಿರಲಿಲ್ಲ. ಅಂಗೈಯಗಲದ ಒಂದು ಫ್ಲಾಪಿ ಡಿಸ್ಕು ಹಾಕಿದರೆ ಮಾತ್ರ ಶುರುವಾಗುತ್ತಿತ್ತು. ಅವನ ಬಳಿ ಇದ್ದದ್ದು ಅದೊಂದೇ ಡಿಸ್ಕು. ಸವೆದೀತೆಂದು ಹೆದರಿ ಮುದ್ರಕ ಅದರ ನಕಲು ಕೂಡ ತೆಗೆದಿರಲಿಲ್ಲ.

ಆಯುಧಪೂಜೆಯ ದಿನ ಅವನು ಕಂಪ್ಯೂಟರಿಗೆ ಹಾರ ಹಾಕಿದ. ಡಿಸ್ಕನ್ನು ಕಂಡಾಗ ಹಿರಿಯರ ನೆನಪು ಬಂತು. ಇದಿಲ್ಲದಿದ್ದರೆ ನಾನೆಲ್ಲಿರುತ್ತಿದ್ದೆ ಎಂದುಕೊಂಡು ಅದಕ್ಕೂ ಕುಂಕುಮ ಹಚ್ಚಿದ. ಪುಡಿ ಡಿಸ್ಕಿನ ಕಿಂಡಿಯೊಳಗೆ ಇಳಿಯಿತು. ಮರುದಿನ ಕಂಪ್ಯೂಟರು ಏಳಲಿಲ್ಲ.

ರಜೆ ಮುಗಿದು ಅಂಧಮಕ್ಕಳ ಶಾಲೆ ತೆರೆಯುವುದಕ್ಕೆ ಐದೇ ದಿನವಿತ್ತು. ಅಷ್ಟರಲ್ಲಿ ಪುಸ್ತಕ ಆಗದಿದ್ದರೆ ಮಕ್ಕಳು ಬರಿಗೈಯಲ್ಲಿ ಕೂರಬೇಕು. ಮುದ್ರಕ ಪೇಟೆಗೆ ಓಡಿ, ಕಂಪ್ಯೂಟರನ್ನು ಎಬ್ಬಿಸುವ ಬರಹವನ್ನು ಹೊಸ ಬಗೆಯ ಡಿಸ್ಕುಗಳಲ್ಲಿ ಬರೆಸಿ ತಂದ. ಅವುಗಳ ಅಗಲ ಹಳೆಯದರಷ್ಟೇ ಇತ್ತು. ಬರಹ ಮಾತ್ರ ಹಳೆಯ ಕಂಪ್ಯೂಟರು ಓದಲಾರದಷ್ಟು ಸಣ್ಣದು. ಒಂದೂ ಕೆಲಸಕ್ಕೆ ಬರಲಿಲ್ಲ. ಎರಡು ದಿನ ಹೀಗೇ ಹೋಯಿತು.

ಪಕ್ಕದ ಊರಿನಲ್ಲಿ ಟೈಪಿಂಗ್ ಕಲಿಸುವ ಮುದುಕಿಯ ಬಳಿ ಅಂಥದೇ ಕಂಪ್ಯೂಟರು ಇದೆಯೆಂದು ಯಾರೋ ಹೇಳಿದರು. ಮುದ್ರಕ ಅಲ್ಲಿಗೆ ಹೋಗಿ ನಡೆದದ್ದನ್ನೆಲ್ಲ ಹೇಳಿಕೊಂಡ. ಮುದುಕಿ ಅದೇ ಕಾಲದ ಖಾಲಿ ಡಿಸ್ಕೊಂದನ್ನು ಹುಡುಕಿ, ತನ್ನ ಡಿಸ್ಕಿನ ನಕಲು ತೆಗೆದು ಅವನ ಕೈಗಿಟ್ಟಳು.

ಮುದ್ರಕನ ಕಣ್ಣು ತುಂಬಿತು. "ಅಮ್ಮಾ, ಇದನ್ನು ದೇವರ ಗೂಡಿನಲ್ಲಿಟ್ಟು ಪೂಜೆ ಮಾಡುತ್ತೇನೆ" ಎಂದ.

"ಅಯ್ಯೋ ಪುಣ್ಯಾತ್ಮ, ಮತ್ತೆ ಕುಂಕುಮವೇ!" ಎಂದು ಮುದುಕಿ ನಕ್ಕಳು. "ನಿನಗೆ ಕೆಲಸ ಕಲಿಸಿದರಲ್ಲ, ಅವರೇ ನನ್ನ ಡಿಸ್ಕನ್ನೂ ಕೊಟ್ಟದ್ದು. ಯಾರು ಕೇಳಿದರೂ ಒಂದು ನಕಲು ತೆಗೆದುಕೊಡು ಅಂದಿದ್ದರು. ನೀನು ಹದಿನೇಳನೆಯವನು."

ಅಂದೇ ಸಂಜೆ ಕಂಪ್ಯೂಟರು ಎದ್ದಿತು. ಶಾಲೆ ತೆರೆದ ದಿನ ಪ್ರತಿ ಮಗುವಿನ ಬೆರಳ ಕೆಳಗೂ ಪುಸ್ತಕವಿತ್ತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮುಖ ಅರಳಿತ್ತು. "ಎಂಥ ಹಿರಿಯರು! ಅಂಥವರಿಗೆ ಎಷ್ಟು ಕೈಮುಗಿದರೂ ಸಾಲದು" ಎಂದ.

ಗುರುಗಳು ಕೇಳಿದರು: "ನಿನ್ನ ಮೇಷ್ಟ್ರು ಕಲಿಸಿದ ಅಕ್ಷರವನ್ನು ನೀನು ಈವರೆಗೆ ಯಾರಿಗೆ ಕಲಿಸಿದ್ದೀಯ?"